ಚರ್ಚೆ ಹುಟ್ಟಿಸುವ ಪ್ರಶ್ನೆ ಬರೆಯೋದು ಹೇಗೆ? ಮನಶ್ಶಾಸ್ತ್ರ, ಸಂಬಂಧ, ಶಿಕ್ಷಣ, ಸಮಾಜ ಪಾಠ ಮಾಡೋರಿಗೆ, ಓದೋರಿಗೆ

ಕೊಪ್ಪಳ ಕಡೆಯ ಒಂದು ಬಿ.ಎಡ್. ಕಾಲೇಜಿನಲ್ಲಿ ನಾನು ಮೊದಲ ಸಲ ಚರ್ಚೆಯ ಪಿರಿಯಡ್ ತೆಗೆದುಕೊಂಡ ದಿನ ಬೋರ್ಡ್ ಮೇಲೆ ಬರೆದ ಪ್ರಶ್ನೆ ಇದು: ‘ಮೊಬೈಲ್ ಮಕ್ಕಳಿಗೆ ವರವೋ, ಶಾಪವೋ?’ ಮುಂದಿನ ಬೆಂಚಿನ ಹುಡುಗ ಎದ್ದು ವರ ಅಂದ, ಮೂರು ಕಾರಣ ಕೊಟ್ಟ. ಆ ಕಡೆಯಿಂದ ಒಬ್ಬಳು ಶಾಪ ಅಂದಳು, ಅವಳದ್ದೂ ಮೂರು ಕಾರಣ. ಮೂರನೆಯವನು ‘ಬಳಸೋರ ಕೈಯಾಗ ಐತ್ರಿ ಮೇಡಂ’ ಅಂದ. ಎಲ್ಲರೂ ಚಪ್ಪಾಳೆ ಹೊಡೆದರು. ಗಡಿಯಾರ ನೋಡಿದೆ, ಏಳು ನಿಮಿಷ ಆಗಿತ್ತು. ಪಿರಿಯಡ್ ಇರೋದು 45 ನಿಮಿಷ.

ತಪ್ಪು ಹುಡುಗರದ್ದಲ್ಲ. ಆ ಪ್ರಶ್ನೆಗೆ ಉತ್ತರ ಹೈಸ್ಕೂಲಿನ ಪ್ರಬಂಧ ಸ್ಪರ್ಧೆಯಿಂದಲೇ ಎಲ್ಲರಿಗೂ ಬಾಯಿಪಾಠ. ಗೊತ್ತಿರೋದನ್ನೇ ಕೇಳಿದೆ, ಗೊತ್ತಿರೋದನ್ನೇ ಹೇಳಿದರು. ಆಮೇಲೆ ಕೆಲವು ವರ್ಷ ಪ್ರಶ್ನೆ ಬರೆದು, ಹರಿದು, ಮತ್ತೆ ಬರೆದು ನನಗೆ ಸಿಕ್ಕಿದ ದಾರಿಯನ್ನು ಇಲ್ಲಿ ಹೇಳುತ್ತೇನೆ. ಪಾಠ ಮಾಡೋರಿಗೆ ಅಂತಲೇ ಬರೆದದ್ದು. ಆದರೆ ಸೆಮಿನಾರಿಗೆ ಪ್ರಶ್ನೆ ತಯಾರಿಸೋ ವಿದ್ಯಾರ್ಥಿಗಳಿಗೂ, ಇಂಥ ಪ್ರಶ್ನೆಗೆ ಅಸೈನ್‌ಮೆಂಟ್ ಬರೆಯೋರಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲ ಹೆಜ್ಜೆ: ಎರಡು ಉತ್ತರ ನೀವೇ ಬರೆದು ನೋಡಿ

‘ಪಿಯಾಜೆಯ ಬೌದ್ಧಿಕ ಬೆಳವಣಿಗೆಯ ಹಂತಗಳನ್ನು ವಿವರಿಸಿ.’ ಪಿಯಾಜೆ ಅಂದರೆ ಮಕ್ಕಳ ಬುದ್ಧಿ ಹೇಗೆ ಬೆಳೆಯುತ್ತದೆ ಅಂತ ಹೇಳಿದ ಮನಶ್ಶಾಸ್ತ್ರಜ್ಞ. ಇದು ಪರೀಕ್ಷೆಯ ಪ್ರಶ್ನೆ. ನೋಟ್ಸ್ ತೆಗೆದು ಓದಿದರೆ ಮುಗಿಯಿತು. ಅದರಲ್ಲಿ ತಪ್ಪೇನಿಲ್ಲ, ಆದರೆ ಅದನ್ನು ಚರ್ಚೆಗೆ ಇಡಬೇಡಿ.

ಒಂದು ಪ್ರಶ್ನೆ ಹೊಳೆದ ಕೂಡಲೇ ಒಂದು ಹಾಳೆ ತೆಗೆದುಕೊಂಡು ಅದಕ್ಕೆ ಒಂದಕ್ಕೊಂದು ಒಪ್ಪದ ಎರಡು ಉತ್ತರ ಬರೆಯಿರಿ. ಮೂರು ಮೂರು ಸಾಲು ಸಾಕು. ಎರಡೂ ಉತ್ತರ ಒಬ್ಬ ಬುದ್ಧಿವಂತ ಮನುಷ್ಯ ನಿಜವಾಗಿಯೂ ಹೇಳುವಂಥದ್ದಾಗಿರಬೇಕು. ಎರಡನೇ ಉತ್ತರ ಬರೆಯಲಿಕ್ಕೆ ಪೆನ್ನು ಮೇಲೇಳದಿದ್ದರೆ ಆ ಪ್ರಶ್ನೆ ಬಿಡಿ. ‘ಹೆಣ್ಣುಮಕ್ಕಳಿಗೆ ಶಿಕ್ಷಣ ಬೇಕೇ?’ ಅಂದರೆ ತರಗತಿಯಲ್ಲಿ ಬೇಡ ಅನ್ನೋರು ಯಾರಿದ್ದಾರೆ? ಮನೆಯಲ್ಲಿ ಇರಬಹುದು, ತರಗತಿಯಲ್ಲಿ ಬಾಯಿ ಬಿಡೋದಿಲ್ಲ.

ಕಲಿಕೆಯ ಗುರಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಬ್ಲೂಮ್ ಅವರ ಪಟ್ಟಿ ಬಂದದ್ದು 1956ರಲ್ಲಿ, 2001ರಲ್ಲಿ ತಿದ್ದಿದ್ದೂ ಆಯಿತು. ನಮ್ಮ ಪಾಠಯೋಜನೆಗಳಲ್ಲಿ ಅದರ ಕ್ರಿಯಾಪದಗಳು ಸಾಲಾಗಿ ನಿಂತಿರುತ್ತವೆ. ಆದರೆ ‘ವಿವರಿಸಿ’ ಅಳಿಸಿ ‘ವಿಶ್ಲೇಷಿಸಿ’ ಅಂತ ಬರೆದ ಮಾತ್ರಕ್ಕೆ ಯಾರೂ ವಿಶ್ಲೇಷಣೆ ಮಾಡೋದಿಲ್ಲ. ಅದೇ ನೋಟ್ಸನ್ನು ಇನ್ನೂ ಗಟ್ಟಿಯಾಗಿ ಓದುತ್ತಾರೆ, ಅಷ್ಟೇ.

ಎರಡನೇ ಹೆಜ್ಜೆ: ಕಂಡದ್ದು, ಯಾಕೆ, ಆದರೆ

ನಾನು ಈಗ ಯಾವ ಪ್ರಶ್ನೆಯನ್ನೂ ಒಂಟಿಯಾಗಿ ಕೊಡೋದಿಲ್ಲ. ಮೂರರ ಕಟ್ಟು ಕೊಡುತ್ತೇನೆ. ಮೊದಲನೆಯದು ಅವರು ಕಣ್ಣಾರೆ ಕಂಡದ್ದನ್ನು ಕೇಳುತ್ತದೆ. ಎರಡನೆಯದು ಅದು ಯಾಕೆ ಹಾಗೆ ಅಂತ ಕೇಳುತ್ತದೆ, ಇಲ್ಲಿ ಸಿದ್ಧಾಂತ ಒಳಗೆ ಬರುತ್ತದೆ. ಮೂರನೆಯದು ಆ ಸಿದ್ಧಾಂತಕ್ಕೆ ಒಂದು ಅಡ್ಡಗಾಲು ಹಾಕುತ್ತದೆ. ಮೊದಲನೇ ಪ್ರಶ್ನೆ ಯಾಕೆ ಮುಖ್ಯ ಅಂದರೆ, ಯಲಬುರ್ಗಾದಿಂದಲೋ ಕುಷ್ಟಗಿಯಿಂದಲೋ ಬೆಳಿಗ್ಗೆ ಬಸ್ ಹತ್ತಿ ಬರೋ ಹುಡುಗಿಗೆ ಪುಸ್ತಕದಲ್ಲಿ ಇಲ್ಲದ, ನನಗೂ ಗೊತ್ತಿಲ್ಲದ ಒಂದು ಸಂಗತಿ ಗೊತ್ತಿರುತ್ತದೆ. ಅದನ್ನು ಕೇಳಿದಾಗ ಅವಳಿಗೆ ‘ನಾನು ಹೇಳಿದ್ದು ತಪ್ಪಾದೀತು’ ಅನ್ನೋ ಹೆದರಿಕೆ ಇರೋದಿಲ್ಲ.

ಒಂದು ಕಟ್ಟನ್ನು ಪೂರ್ತಿ ತೋರಿಸುತ್ತೇನೆ. ಪಾಠ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್. 1950ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಆತ ಮಾಡಿದ ಪ್ರಯೋಗ ಸರಳ: ಒಂದು ಗೆರೆ ತೋರಿಸಿ, ಇನ್ನೊಂದು ಕಾರ್ಡಿನ ಮೂರು ಗೆರೆಗಳಲ್ಲಿ ಯಾವುದು ಅದರಷ್ಟೇ ಉದ್ದ ಅಂತ ಕೇಳೋದು. ಕೂತವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಕಡೆಯವರೇ, ಬೇಕಂತಲೇ ತಪ್ಪು ಹೇಳೋರು. ಆ ಒಬ್ಬ ಏನು ಮಾಡುತ್ತಾನೆ? ಹೀಗೆ ಕೂತವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ಒಂದು ಸಲವಾದರೂ ಗುಂಪಿನ ತಪ್ಪು ಉತ್ತರವನ್ನೇ ಹೇಳಿದರು. ಗುಂಪಿನಲ್ಲಿ ಇನ್ನೊಬ್ಬ ಸರಿ ಉತ್ತರ ಹೇಳಿದಾಗ ಈ ಒತ್ತಡ ತುಂಬ ಇಳಿಯಿತು.

ಇದಕ್ಕೆ ನನ್ನ ಕಟ್ಟು:

ಕಂಡದ್ದು: ಮೇಷ್ಟ್ರು ‘ಅರ್ಥ ಆಯ್ತಾ?’ ಅಂದಾಗ ಇಡೀ ಕ್ಲಾಸ್ ‘ಹೌದ್ರೀ’ ಅನ್ನುತ್ತದಲ್ಲ, ಅದರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಅರ್ಥ ಆಗಿರುತ್ತದೆ? ‘ಇಲ್ರೀ’ ಅಂದ ಒಬ್ಬರನ್ನು ಎಂದಾದರೂ ನೋಡಿದ್ದೀರಾ? ಆಮೇಲೆ ಏನಾಯಿತು?

ಯಾಕೆ: ಅರ್ಥ ಆಗದವರು ‘ಹೌದ್ರೀ’ ಅಂದದ್ದು ಎಲ್ಲರಿಗೂ ತಿಳಿದಿದೆ ಅಂತ ನಂಬಿಯೋ, ಅಥವಾ ನಗೆಪಾಟಲಾಗೋದು ಬೇಡ ಅಂತಲೋ?

ಆದರೆ: ಆಶ್ ಪ್ರಯೋಗದಲ್ಲಿ ಕೂತವರು ಒಬ್ಬರಿಗೊಬ್ಬರು ಅಪರಿಚಿತರು, ಮುಗಿದ ಮೇಲೆ ಅವರವರ ದಾರಿ. ನಮ್ಮ ಊರಲ್ಲಿ ಗುಂಪು ಅಂದರೆ ಓಣಿ, ಬೀಗರು, ನಾಳೆ ಸಾಲ ಕೇಳಬೇಕಾದವರು. ಅಲ್ಲಿ ಗುಂಪಿನ ಜೊತೆ ಹೋಗೋದು ಪುಕ್ಕಲುತನವಾ, ಲೆಕ್ಕಾಚಾರವಾ?

ಮೂರನೇ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರ ಇಲ್ಲ. ಅದಕ್ಕೇ ಅದು ನಡೆಯಿತು. ‘ಇಲ್ರೀ’ ಅಂದು ಬೈಸಿಕೊಂಡ ಕಥೆಗಳೇ ಹತ್ತು ಬಂದವು, ಅದರಲ್ಲಿ ಎರಡು ನನ್ನ ಕ್ಲಾಸಿನವೇ. ಸುಮ್ನೆ ಕೇಳಿಸಿಕೊಂಡೆ.

ಮೊಬೈಲ್ ಪ್ರಶ್ನೆಯನ್ನೂ ಹೀಗೇ ರಿಪೇರಿ ಮಾಡಿದೆ. ‘ಮನೆಯಲ್ಲಿ ಇಂಟರ್‌ನೆಟ್ ಇರೋ ಮೊಬೈಲ್ ಒಂದೇ ಇದ್ದರೆ ರಾತ್ರಿ ಎಂಟರಿಂದ ಹತ್ತರವರೆಗೆ ಅದು ಯಾರ ಕೈಯಲ್ಲಿರುತ್ತದೆ? ಅದನ್ನು ತೀರ್ಮಾನಿಸೋರು ಯಾರು?’ ಅಣ್ಣ, ತಂಗಿ, ಮಾವ, ಧಾರಾವಾಹಿ, ಪರೀಕ್ಷೆ, ಎಲ್ಲ ಒಂದೇ ಏಟಿಗೆ ಹೊರಗೆ ಬಂತು. ವರ, ಶಾಪ ಅನ್ನೋ ಶಬ್ದ ಯಾರ ಬಾಯಲ್ಲೂ ಬರಲಿಲ್ಲ.

ಮೂರನೇ ಹೆಜ್ಜೆ: ವಿಷಯಕ್ಕೆ ತಕ್ಕ ಹಾಗೆ ಬದಲಿಸಿಕೊಳ್ಳಿ

ಮನಶ್ಶಾಸ್ತ್ರದಲ್ಲಿ ಪ್ರಯೋಗವನ್ನು ಕಥೆಯಾಗಿ ಹೇಳಿ, ಫಲಿತಾಂಶ ಹೇಳುವ ಮೊದಲು ನಿಲ್ಲಿಸಿ. ‘ಈಗ ಏನಾಗುತ್ತದೆ?’ ಅಂತ ಊಹಿಸಲು ಬಿಡಿ. ಪಿಯಾಜೆಯ ನೀರಿನ ಪ್ರಯೋಗಕ್ಕೆ ಒಂದು ಅಗಲ ಬಟ್ಟಲು, ಒಂದು ಉದ್ದ ಲೋಟ ಇದ್ದರೆ ಸಾಕು. ಬಟ್ಟಲಿನ ನೀರನ್ನು ಮಗುವಿನ ಕಣ್ಣೆದುರೇ ಲೋಟಕ್ಕೆ ಸುರಿದರೂ, ಏಳು ವರ್ಷದೊಳಗಿನ ಬಹಳ ಮಕ್ಕಳು ಲೋಟದಲ್ಲಿ ನೀರು ಜಾಸ್ತಿ ಅನ್ನುತ್ತಾರೆ. ಭಾನುವಾರ ಮನೆಯ ಚಿಕ್ಕ ಮಕ್ಕಳ ಹತ್ತಿರ ಮಾಡಿ ನೋಡಿಕೊಂಡು ಬನ್ನಿ ಅಂತ ಹೇಳಿ. ನೀರಿನ ಬದಲು ಮಜ್ಜಿಗೆ ಇಟ್ಟರೆ ಮಕ್ಕಳು ಇನ್ನೂ ಗಮನ ಕೊಟ್ಟು ನೋಡುತ್ತಾರೆ, ಕುಡಿಯೋದಿದೆ ಅಲ್ವಾ!

ಸೋಮವಾರ ಬಂದ ಮೇಲೆ ‘ಆದರೆ’ ಪ್ರಶ್ನೆ. ಇಲ್ಲಿ ನಮಗೆ ಗೊಂಬೆ ಮಾಡೋ ಊರು ಕಿನ್ನಾಳ ಇದೆ. ಮರದ ಪುಡಿಗೆ ಹುಣಸೆ ಬೀಜದ ಅಂಟು ಕಲಸಿ ಗೊಂಬೆಗೆ ರೂಪ ಕೊಡೋದನ್ನು ಹುಟ್ಟಿದಾಗಿನಿಂದ ನೋಡೋ ಮಗು, ಉಂಡೆ ಚಪ್ಪಟೆ ಆದರೂ ಪದಾರ್ಥ ಅಷ್ಟೇ ಇರುತ್ತದೆ ಅನ್ನೋದನ್ನು ಬೇರೆ ಮಕ್ಕಳಿಗಿಂತ ಬೇಗ ಹೇಳೀತೇ? ಹಾಗಾದರೆ ಬೆಳವಣಿಗೆ ವಯಸ್ಸಿನದ್ದೋ, ಕೈಕೆಲಸದ್ದೋ? ಇದು ಬರೀ ಕಲ್ಪನೆ ಅಲ್ಲ. ಮೆಕ್ಸಿಕೋದ ಕುಂಬಾರರ ಮಕ್ಕಳನ್ನು ಹೀಗೇ ಪರೀಕ್ಷಿಸಿದ ಅಧ್ಯಯನ 1969ರಲ್ಲಿ ಪ್ರಕಟವಾಯಿತು. ಮಣ್ಣಿನ ಉಂಡೆಯ ಪರೀಕ್ಷೆಯಲ್ಲಿ ಆ ಮಕ್ಕಳು ಬೇರೆ ಮನೆಗಳ ಮಕ್ಕಳಿಗಿಂತ ಮುಂದಿದ್ದರು. ಇದನ್ನು ಮೊದಲೇ ಹೇಳಬೇಡಿ. ಹುಡುಗರು ಜಗಳ ಆಡಿ ಸುಸ್ತಾದ ಮೇಲೆ ಹೇಳಿ.

ಶಿಕ್ಷಣದ ಪಾಠದಲ್ಲಿ ಮೇಷ್ಟ್ರ ನಿರೀಕ್ಷೆಯ ವಿಷಯ ಯಾವಾಗಲೂ ನಡೆಯುತ್ತದೆ. 1968ರಲ್ಲಿ ರೋಸೆಂತಾಲ್ ಮತ್ತು ಜೇಕಬ್‌ಸನ್ ಪ್ರಕಟಿಸಿದ ಅಧ್ಯಯನ ಎಲ್ಲರಿಗೂ ಗೊತ್ತು: ಚೀಟಿ ಎತ್ತಿದ ಹಾಗೆ ಆರಿಸಿದ ಮಕ್ಕಳನ್ನು ‘ಇವರು ಈ ವರ್ಷ ಮಿಂಚುತ್ತಾರೆ’ ಅಂತ ಶಿಕ್ಷಕರಿಗೆ ಹೇಳಿದರು, ಚಿಕ್ಕ ತರಗತಿಗಳಲ್ಲಿ ಅಂಥ ಮಕ್ಕಳ ಬುದ್ಧಿಪರೀಕ್ಷೆಯ ಅಂಕ ಹೆಚ್ಚು ಏರಿತು. ಆಮೇಲೆ ಇದರ ಬಗ್ಗೆ ಬೇಕಾದಷ್ಟು ತಕರಾರೂ ಬಂತು. ನಾನು ಕೇಳೋದು ಇದು: ಬೋಧನಾ ಅಭ್ಯಾಸಕ್ಕೆ ಹೋದ ಶಾಲೆಯಲ್ಲಿ ಮೊದಲ ದಿನವೇ ನಿಮಗೆ ‘ಈ ಸಾಲಿನವರು ಶಾಣ್ಯಾರು, ಆ ಸಾಲಿನವರು ದಡ್ಡರು’ ಅಂತ ಯಾರಾದರೂ ಹೇಳಿದರಾ? ಆ ದಿನದಿಂದ ನೀವು ಪ್ರಶ್ನೆ ಕೇಳಿದ್ದು ಯಾವ ಸಾಲಿಗೆ?

ಇನ್ನು ಗುಳೆ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಯಾದದ್ದು 2010ರ ಏಪ್ರಿಲ್ 1ರಂದು, 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ. ಮನೆಮಂದಿಯೆಲ್ಲ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೊರಟಾಗ ಐದನೇ ತರಗತಿಯ ಹುಡುಗನನ್ನು ಅಜ್ಜಿಯ ಹತ್ತಿರ ಬಿಡಬೇಕಾ, ಜೊತೆಗೆ ಕರೆದೊಯ್ಯಬೇಕಾ? ಇದನ್ನು ‘ಪೋಷಕರ ಅಜ್ಞಾನ’ ಅಂತ ಎರಡು ಶಬ್ದದಲ್ಲಿ ಮುಗಿಸೋ ವಿದ್ಯಾರ್ಥಿ ಸಿಕ್ಕೇ ಸಿಗುತ್ತಾನೆ. ಅವನಿಗೆ ಒಂದೇ ಮರುಪ್ರಶ್ನೆ ಹಾಕಿ: ಅಜ್ಜಿಗೆ ಹುಷಾರಿಲ್ಲದಿದ್ದರೆ?

ಸಮಾಜಶಾಸ್ತ್ರಕ್ಕೆ ಈ ಭಾಗದಲ್ಲಿ ಪ್ರಶ್ನೆಗೆ ಬರ ಇಲ್ಲ. ಎಂ.ಎನ್. ಶ್ರೀನಿವಾಸ್ ಮೈಸೂರು ಕಡೆಯ ಒಂದು ಹಳ್ಳಿಯಲ್ಲಿ 1948ರಲ್ಲಿ ಕೂತು ನೋಡಿದ್ದರಿಂದ ಬೆಳೆದ ವಿಚಾರ ಪ್ರಬಲ ಜಾತಿಯದ್ದು: ಜನಸಂಖ್ಯೆ, ಭೂಮಿ, ರಾಜಕೀಯ ಬಲ ಒಂದೇ ಕಡೆ ಕೂಡಿದಾಗ ಊರು ಯಾರ ಮಾತು ಕೇಳುತ್ತದೆ ಅಂತ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಹುಡುಗರಿಗೆ ಅದನ್ನು ಹೀಗೆ ತಿರುಗಿಸಿ. ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಭೂಮಿ ಕೊಂಡವರ ಕ್ಯಾಂಪ್‌ಗಳು ಎದ್ದವು. ಭೂಮಿ ಒಬ್ಬರ ಹತ್ತಿರ, ಜನ ಇನ್ನೊಬ್ಬರ ಕಡೆ ಇದ್ದರೆ ಪ್ರಬಲರು ಯಾರು? ಮಾನ್ವಿ ಕಡೆಯವರು ಇದ್ದರೆ ಕಾಲುವೆಯ ಕೆಳಭಾಗದ ರೈತರನ್ನು ಸೇರಿಸಿ. ನೀರು ಕೊನೆಗೆ ತಲುಪದಿದ್ದಾಗ ಜಾತಿ ಮುಖ್ಯವಾಗುತ್ತದಾ, ಹೊಲ ಕಾಲುವೆಯ ಯಾವ ತುದಿಗಿದೆ ಅನ್ನೋದಾ?

ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಓದು, ನೌಕರಿಯಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ 371ಜೆ ವಿಧಿಯ ಬಗ್ಗೆ ‘ಸರಿಯೋ ತಪ್ಪೋ’ ಅಂತ ಕೇಳಬೇಡಿ. ನಮ್ಮಲ್ಲಿ ಎಲ್ಲರೂ ಸರಿ ಅನ್ನುತ್ತಾರೆ, ಧಾರವಾಡದಲ್ಲಿ ಬೇರೆ ಹೇಳಬಹುದು. 2012ರ 98ನೇ ತಿದ್ದುಪಡಿಯಿಂದ ಬಂದ ಈ ವಿಶೇಷ ಸ್ಥಾನ ಕೊಪ್ಪಳಕ್ಕೆ ಇದೆ, ಪಕ್ಕದ ಗದಗಕ್ಕೆ ಇಲ್ಲ. ಗಡಿಯ ಆಚೆ ಈಚೆ ಎರಡು ಹಳ್ಳಿ, ಒಂದೇ ಮಳೆ, ಒಂದೇ ಥರದ ಶಾಲೆ, ಇಬ್ಬರು ಹುಡುಗಿಯರಿಗೆ ಒಂದೇ ಅಂಕ. ನ್ಯಾಯವನ್ನು ಜಿಲ್ಲೆಯ ಲೆಕ್ಕದಲ್ಲಿ ಅಳೆಯಬೇಕಾ, ಮನೆಯ ಲೆಕ್ಕದಲ್ಲಾ? ಜಿಲ್ಲೆಯ ಲೆಕ್ಕ ಬಿಟ್ಟರೆ ಏನು ಕಳೆದುಕೊಳ್ಳುತ್ತೇವೆ? ಇಷ್ಟಾದರೆ ಪಿರಿಯಡ್ ಸಾಲೋದಿಲ್ಲ.

ಸಂಬಂಧಗಳ ವಿಷಯ ಬಂದಾಗ ನಿಧಾನ

ಇದಕ್ಕೆ ಬೇರೆ ಜಾಗ ಕೊಡಲೇಬೇಕು, ಯಾಕಂದರೆ ನಾನು ಎಡವಿದ್ದು ಇಲ್ಲೇ. ಕುಟುಂಬದ ಪಾಠದ ದಿನ ‘ನಿಮ್ಮ ಮನೆಯಲ್ಲಿ ನಿಮ್ಮ ಮದುವೆಯ ಮಾತು ಮೊದಲು ತೆಗೆದವರು ಯಾರು?’ ಅಂತ ಸಾಲಾಗಿ ಕೇಳುತ್ತಾ ಹೋದೆ. ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು, ಏನೂ ಹೇಳದೆ ಕೂತಳು, ಮರುದಿನದಿಂದ ಮೂರು ದಿನ ಬರಲಿಲ್ಲ. ಅವಳ ಮನೆಯಲ್ಲಿ ಅದೇ ಜಗಳ ನಡೆದಿತ್ತು. ನಲವತ್ತು ಜನರ ಮುಂದೆ ಅವಳ ಗಾಯಕ್ಕೆ ಕೈ ಹಾಕಿದ್ದೆ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಅವರು ಕಂಡದ್ದನ್ನು ಕೇಳುತ್ತೇನೆ, ಪಟ್ಟದ್ದನ್ನು ಕೇಳೋದಿಲ್ಲ. ‘ನಿಮ್ಮ ಮನೆಯಲ್ಲಿ’ ಬದಲು ‘ನಿಮಗೆ ಗೊತ್ತಿರೋ ಊರುಗಳಲ್ಲಿ’. ‘ನಿನಗೆ’ ಬದಲು ‘ಇಪ್ಪತ್ತು ವರ್ಷದ ಒಬ್ಬ ಹುಡುಗಿಗೆ’. ಹೇಳಬೇಕು ಅನ್ನಿಸಿದವರು ತಮ್ಮ ಕಥೆಯನ್ನೇ ಆ ಹುಡುಗಿಯ ಹೆಸರಲ್ಲಿ ಹೇಳುತ್ತಾರೆ, ಕೇಳೋರು ಕೇಳಿಸಿಕೊಳ್ಳುತ್ತಾರೆ, ಯಾರದ್ದು ಅಂತ ಯಾರೂ ಕೇಳಬಾರದು.

ಹಾಗೆ ಬರೆದ ಒಂದು ಕಟ್ಟು. ಮನಶ್ಶಾಸ್ತ್ರಜ್ಞ ರಾಬರ್ಟ್ ಸ್ಟರ್ನ್‌ಬರ್ಗ್ 1986ರಲ್ಲಿ ಪ್ರೀತಿಯನ್ನು ಮೂರು ಮೂಲೆಯ ಆಕೃತಿಯಾಗಿ ವಿವರಿಸಿದ: ಆಪ್ತತೆ, ಸೆಳೆತ, ಬದ್ಧತೆ. ಸೋದರಮಾವನ ಮಗನನ್ನೇ ಮದುವೆಯಾಗುವ ಹುಡುಗಿಗೆ ಈ ಮೂರರಲ್ಲಿ ಮೊದಲು ಬರೋದು ಯಾವುದು? ಚಿಕ್ಕಂದಿನಿಂದ ಜೊತೆಗೆ ಆಡಿದ ಪರಿಚಯ ಆಪ್ತತೆಯಾ? ಹೆಣ್ಣು ನೋಡಲು ಬಂದ ದಿನ ಮಾತ್ರ ಮುಖ ಕಂಡವರಿಗೆ ಬದ್ಧತೆ ಮೊದಲು, ಉಳಿದದ್ದು ಆಮೇಲಾ? ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಉತ್ತರ, ದಕ್ಷಿಣ ಭಾರತದ ಬಂಧುತ್ವ ಹೋಲಿಸಿ ಹೇಳಿದ್ದು ಇಲ್ಲಿ ತಂತಾನೇ ಒಳಗೆ ಬರುತ್ತದೆ: ಉತ್ತರದಲ್ಲಿ ಸೊಸೆ ಅಪರಿಚಿತರ ಮನೆಗೆ ಹೋಗುತ್ತಾಳೆ, ನಮ್ಮ ಕಡೆ ಎಷ್ಟೋ ಸಲ ಅತ್ತೆಯೇ ಅತ್ತೆ. ಅದು ಹುಡುಗಿಗೆ ಆಸರೆಯಾ, ಹೊರೆಯಾ? ಈ ಪ್ರಶ್ನೆಗೆ ಹುಡುಗರು ಒಂದು ಹೇಳಿದರು, ಹುಡುಗಿಯರು ಪೂರಾ ಬೇರೆ ಹೇಳಿದರು.

ದೇವದಾಸಿ ಪದ್ಧತಿಯ ಪಾಠವೂ ಹಾಗೇ. ಕರ್ನಾಟಕದಲ್ಲಿ 1982ರಲ್ಲೇ ಅದರ ವಿರುದ್ಧ ಕಾಯ್ದೆ ಬಂದಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಪಾಠ ಮಾಡುವಾಗ ಅಂಥ ತಾಯಿಯ ಮಗಳು ಅದೇ ಬೆಂಚಿನಲ್ಲಿ ಕೂತಿರಬಹುದು ಅಂತಲೇ ತಿಳಿದು ಪ್ರಶ್ನೆ ಬರೆಯಿರಿ. ನಾನು ಕೇಳೋದು ಜನರ ಬಗ್ಗೆ ಅಲ್ಲ, ಅರ್ಜಿಯ ಬಗ್ಗೆ: ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಂ ಯಾಕೆ ಇದೆ, ಅದು ಯಾರಿಗೆ ಸುಲಭ, ಯಾರಿಗೆ ಕಷ್ಟ?

ಚರ್ಚೆಯ ನಂತರ ಯಾರಾದರೂ ಒಬ್ಬರೇ ಬಂದು ಮಾತಾಡಿದರೆ ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆದದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಬಾಲ್ಯವಿವಾಹದ ಸುದ್ದಿ ಬಂದರೆ ಮಕ್ಕಳ ಸಹಾಯವಾಣಿ 1098. ಮನಸ್ಸಿಗೆ ತುಂಬ ಕಷ್ಟ ಆಗಿದೆ ಅನ್ನಿಸಿದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಈ ಎರಡು ನಂಬರ್ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟೇ ಪಾಠ ಶುರು ಮಾಡುತ್ತೇನೆ.

ನಾಲ್ಕನೇ ಹೆಜ್ಜೆ: ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ

ಮೇರಿ ಬಡ್ ರೋ ಅನ್ನೋ ಸಂಶೋಧಕಿ 1970ರ ಆಸುಪಾಸಿನಲ್ಲಿ ಶಿಕ್ಷಕರ ಪಾಠ ರೆಕಾರ್ಡ್ ಮಾಡಿ ಅಳೆದಳು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಕಾಯುತ್ತಿದ್ದದ್ದು ಒಂದು ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡ್ ಮಾಡಿದಾಗ ಉತ್ತರಗಳು ಉದ್ದವಾದವು, ತಾವಾಗಿ ಮಾತಾಡೋರು ಹೆಚ್ಚಾದರು, ‘ಗೊತ್ತಿಲ್ಲ’ ಕಡಿಮೆಯಾಯಿತು. ಮೂರು ಸೆಕೆಂಡ್ ಏನು ಮಹಾ ಅನ್ನಿಸುತ್ತದೆ. ನಿಂತು ನೋಡಿ, ಒಂದು ವರ್ಷ ಆದ ಹಾಗಿರುತ್ತದೆ! ನಾನು ಮನಸ್ಸಲ್ಲೇ ನಿಧಾನಕ್ಕೆ ‘ತುಂಗಭದ್ರಾ’ ಅಂತ ಮೂರು ಸಲ ಹೇಳಿಕೊಳ್ಳುತ್ತೇನೆ. ಯಾರಾದರೂ ಉತ್ತರ ಹೇಳಿ ನಿಲ್ಲಿಸಿದ ಮೇಲೂ ಇನ್ನೊಂದು ಸಲ. ಅವರು ಮುಂದುವರಿಸೋದು ಬಹಳ ಸಲ ಆಗಲೇ.

ಮೊದಲ ಉತ್ತರಕ್ಕೆ ‘ವೆರಿ ಗುಡ್’ ಅನ್ನಬೇಡಿ. ಉಳಿದವರು ಅದೇ ಸರಿ ಉತ್ತರ ಅಂತ ತಿಳಿದು ಪುಸ್ತಕ ಮುಚ್ಚುತ್ತಾರೆ. ‘ಇನ್ನೊಂದು?’ ಅಂದರೆ ಸಾಕು.

ನಲವತ್ತು ಜನರ ಮುಂದೆ ಒಬ್ಬರೇ ಮಾತಾಡೋದು ಕಷ್ಟ. ಫ್ರಾಂಕ್ ಲೈಮನ್ 1981ರಲ್ಲಿ ಹೇಳಿದ ಕ್ರಮ ನಮ್ಮ ಕದಲದ ಬೆಂಚುಗಳಿಗೆ ಹೇಳಿ ಮಾಡಿಸಿದ ಹಾಗಿದೆ: ಎರಡು ನಿಮಿಷ ಒಬ್ಬರೇ ಯೋಚಿಸಿ ಬರೆಯೋದು, ನಾಲ್ಕು ನಿಮಿಷ ಪಕ್ಕದವರ ಜೊತೆ ಮಾತು, ಆಮೇಲೆ ಎಲ್ಲರ ಮುಂದೆ. ನಾನು ಒಂದು ಸೇರಿಸಿದ್ದೇನೆ. ಎಲ್ಲರ ಮುಂದೆ ಹೇಳುವಾಗ ನಿಮ್ಮದಲ್ಲ, ಪಕ್ಕದವರು ಹೇಳಿದ್ದನ್ನು ಹೇಳಿ. ಹೀಗಾದರೆ ಕಿವಿಗೂ ಕೆಲಸ.

ಭಾಷೆಯ ಮಾತು. ‘ಗ್ರಾಂಥಿಕವಾಗಿ ಮಾತಾಡಿ’ ಅಂದ ಕೂಡಲೇ ಅರ್ಧ ಕ್ಲಾಸ್ ಮೂಕವಾಗುತ್ತದೆ. ಮನೆಮಾತಿನಲ್ಲೇ ಹೇಳಲಿ. ತಾಂಡಾದಿಂದ ಬಂದವರು, ಕ್ಯಾಂಪಿನ ತೆಲುಗಿನವರು, ಉರ್ದು ಮನೆಯವರು ಪಕ್ಕದವರ ಜೊತೆ ತಮ್ಮ ಮಾತಿನಲ್ಲೇ ಮಾತಾಡಿಕೊಂಡು ಆಮೇಲೆ ಕನ್ನಡಕ್ಕೆ ಬರಲಿ. ಬರೆಯುವಾಗ ತಿದ್ದಿದರಾಯಿತು.

ಕೊನೆಯ ಐದು ನಿಮಿಷ ಒಂದು ಚೀಟಿ. ಹೆಸರು ಬೇಡ. ‘ಮೊದಲು ಹೀಗೆ ಅಂದುಕೊಂಡಿದ್ದೆ, ಈಗ ಹೀಗೆ’ ಅಂತ ಎರಡು ಸಾಲು. ‘ಏನೂ ಬದಲಾಗಿಲ್ಲ’ ಅಂತ ಬರೆದರೂ ಸರಿ, ಯಾಕೆ ಅಂತ ಬರೆಯಬೇಕು.

ಉತ್ತರ ಬರೆಯೋರಿಗೆ

ಅಸೈನ್‌ಮೆಂಟಿನಲ್ಲಿ ಹೆಚ್ಚಿನವರು ಮೂರು ಪುಟ ಸಿದ್ಧಾಂತ ಬರೆದು ಕೊನೆಗೆ ‘ನನ್ನ ಅಭಿಪ್ರಾಯದಲ್ಲಿ ಇದು ತುಂಬಾ ಉಪಯುಕ್ತ’ ಅಂತ ಮುಗಿಸುತ್ತಾರೆ. ತಿರುಗಿಸಿ. ಕಂಡದ್ದರಿಂದ ಶುರು ಮಾಡಿ.

ಉದಾಹರಣೆಗೆ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಚಿಕ್ಕ ಮಕ್ಕಳ ಮೇಲೆ ಮಾಡಿದ ಮಿಠಾಯಿ ಪ್ರಯೋಗ. ಈಗಲೇ ಒಂದು ತಿನ್ನಬಹುದು, ಸ್ವಲ್ಪ ಕಾದರೆ ಎರಡು. ಕಾದ ಮಕ್ಕಳು ಮುಂದೆ ಓದಿನಲ್ಲಿ ಮೇಲೆ ಬಂದರು ಅಂತ ಪುಸ್ತಕಗಳಲ್ಲಿರುತ್ತದೆ. ಒಬ್ಬ ವಿದ್ಯಾರ್ಥಿ ಹೀಗೆ ಬರೆಯಬಹುದು: ‘ನಮ್ಮ ಓಣಿಯ ಒಂದು ಮಗುವಿಗೆ ಶೇಂಗಾ ಚಿಕ್ಕಿ ಕೊಟ್ಟು, ಸಂಜೆಯವರೆಗೆ ಇಟ್ಟರೆ ಇನ್ನೊಂದು ಕೊಡ್ತೀನಿ ಅಂದೆ. ತಕ್ಷಣ ತಿಂದಿತು. ಅಪ್ಪ ಪ್ರತಿ ಸಂತೆಗೂ ಏನೋ ತರ್ತೀನಿ ಅಂತಾನೆ, ತರೋದಿಲ್ಲ ಅಂತ ಆಮೇಲೆ ತಿಳಿಯಿತು. ಹಾಗಾದರೆ ಕಾಯದಿರೋದು ಸಂಯಮದ ಕೊರತೆಯಾ, ಅನುಭವದ ಜಾಣತನವಾ? 2018ರಲ್ಲಿ ಹೆಚ್ಚು ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ ಮನೆಯ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಮೊದಲಿನ ಸಂಬಂಧ ಬಹಳ ದುರ್ಬಲವಾಯಿತು. ಆದರೆ ನಾನು ನೋಡಿದ್ದು ಒಂದೇ ಮಗು, ಇಷ್ಟರಿಂದ ದೊಡ್ಡ ತೀರ್ಮಾನ ಮಾಡಲಾರೆ.’

ಇಷ್ಟು ಬರೆದರೆ ನಾನು ಹತ್ತಕ್ಕೆ ಎಂಟು ಕೊಡುತ್ತೇನೆ. ನನ್ನ ಲೆಕ್ಕ: ಕಂಡದ್ದಕ್ಕೆ ನಾಲ್ಕು, ಸಿದ್ಧಾಂತ ಸರಿಯಾಗಿ ಹಿಡಿದದ್ದಕ್ಕೆ ಮೂರು, ಅದರ ಜೊತೆ ಜಗಳ ಆಡಿದ್ದಕ್ಕೆ ಮೂರು. ಇದನ್ನು ಬೋರ್ಡ್ ಮೇಲೆ ಮೊದಲೇ ಬರೆಯುತ್ತೇನೆ, ಇಲ್ಲದಿದ್ದರೆ ಮತ್ತೆ ಮೂರು ಪುಟ ನೋಟ್ಸ್ ಬರುತ್ತದೆ. ಕೊನೆಯ ವಾಕ್ಯದಂಥ ಒಂದು ಸಾಲು ಇಲ್ಲದಿದ್ದರೆ ಮಾತ್ರ ಒಂದು ಅಂಕ ಕಡಿಯುತ್ತೇನೆ. ಒಂದು ಮಗು ನೋಡಿ ಇಡೀ ಲೋಕದ ಬಗ್ಗೆ ಬರೆಯೋ ಚಟ ನಮ್ಮಲ್ಲಿ ಜಾಸ್ತಿ.

ಪ್ರಶ್ನೆಗಳಿಗೆ ಒಂದು ವಹಿ ಇಡಿ

ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ಎಷ್ಟು ನಿಮಿಷ ನಡೆಯಿತು, ಎಷ್ಟು ಜನ ಮಾತಾಡಿದರು, ಎಲ್ಲಿ ಬಿದ್ದಿತು. ಕಾಲುವೆಯ ಪ್ರಶ್ನೆ ಒಂದು ಬ್ಯಾಚಿನಲ್ಲಿ ಎರಡು ಪಿರಿಯಡ್ ನಡೆಯಿತು. ಮುಂದಿನ ವರ್ಷ ಅದನ್ನೇ ಹಾಕಿದೆ, ಹತ್ತು ನಿಮಿಷಕ್ಕೆ ಆರಿಹೋಯಿತು. ಆ ಬ್ಯಾಚಿನಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯವರೇ ಜಾಸ್ತಿ. ಮಳೆ ನಂಬಿದ ಹೊಲಗಳು, ಕಾಲುವೆ ಕಂಡವರೇ ಕಡಿಮೆ. ಈಗ ವರ್ಷದ ಮೊದಲ ದಿನವೇ ಎಲ್ಲರ ಊರಿನ ಹೆಸರು ವಹಿಯ ಮೊದಲ ಪುಟದಲ್ಲಿ ಬರೆದುಕೊಳ್ಳುತ್ತೇನೆ. ಪ್ರಶ್ನೆ ಆಮೇಲೆ.